ತೋಟಕ್ಕೊಂದು, ಘಾಟಿಗೊಂದು: ಒಂದೇ ಥರದ ಎರಡು ಬೈಕ್ ಸಜ್ಜು ಮಾಡುವುದು ಹೇಗೆ?

ನನ್ನ ಹತ್ತಿರ ಒಂದು ಹೀರೋ ಎಕ್ಸ್‌ಪಲ್ಸ್ 200 4ವಿ ಇದೆ. ಹೊಸನಗರದ ಆಚೆ, ಅಕ್ಕನ ಮನೆಯಲ್ಲಿ ಭಾವನ ಹತ್ತಿರವೂ ಅದೇ ಇದೆ. ಇಬ್ಬರದ್ದೂ 2023ರ ಮಾದರಿ. ಬಣ್ಣ ಬಿಟ್ಟರೆ ತಂದ ದಿನ ಎರಡಕ್ಕೂ ವ್ಯತ್ಯಾಸವಿರಲಿಲ್ಲ. ಈಗ ಒಂದರ ಮೇಲೆ ಕೂತು ಇಳಿದು ಇನ್ನೊಂದನ್ನು ಹತ್ತಿದರೆ ಬೇರೆ ಕಂಪನಿಯ ಗಾಡಿ ಅನ್ನಿಸುತ್ತದೆ.

ಇದು ಡ್ಯುಯಲ್ ಸ್ಪೋರ್ಟ್, ಅಂದರೆ ಟಾರಿಗೂ ಸೈ, ಮಣ್ಣಿಗೂ ಸೈ ಎನ್ನುವ ಬೈಕ್. ಮುಂದೆ 21 ಇಂಚಿನ ದೊಡ್ಡ ಚಕ್ರ, ಹಿಂದೆ 18 ಇಂಚಿನದ್ದು, ಎರಡಕ್ಕೂ ಕಡ್ಡಿ. ನೆಲದಿಂದ 220 ಮಿ.ಮೀ. ಎತ್ತರ. ಆದರೆ ಶೋರೂಮಿನಿಂದ ಬರುವಾಗ ಅದು ಯಾರಿಗೂ ಬೇಜಾರಾಗದ ಹಾಗೆ ಮಾಡಿದ ಮದುವೆ ಮನೆ ಸಾರಿನಂತೆ ಇರುತ್ತದೆ. ಉಪ್ಪು, ಖಾರ ನಾವೇ ಸರಿ ಮಾಡಿಕೊಳ್ಳಬೇಕು.

ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಭಾವನ ಗಾಡಿಗೆ ಮಣ್ಣಿನ ದಾರಿಯ ಬಟನ್ ಟೈರ್ ಹಾಕಿಸಿದ್ದನ್ನು ನೋಡಿ ನಾನೂ ಹಾಕಿಸಿದೆ. ನೋಡಲು ಚೆಂದ ಅಲ್ವಾ, ಅದಕ್ಕೆ! ಜುಲೈ ತಿಂಗಳಲ್ಲಿ ಆಗುಂಬೆ ಘಾಟಿ ಇಳಿಯುವಾಗ ಐದನೆಯದೋ ಆರನೆಯದೋ ತಿರುವಿನಲ್ಲಿ ಮುಂದಿನ ಚಕ್ರ ಸುಮ್ನೆ ಜಾರಿತು. ನಿಧಾನವಾಗಿಯೇ ಇದ್ದೆ, ಆದರೂ ಮೊಣಕಾಲು ತರಚಿತು. ಮಳೆಕೋಟು ಹರಿಯಿತು. ಆಮೇಲೆ ಭಾವ ಕೇಳಿದ್ದು ಒಂದೇ ಮಾತು: "ಮಾರಾಯ, ನೀನು ಮಣ್ಣಿಗೆ ಇಳಿಯುವುದು ಯಾವಾಗ?"

ಮೊದಲು ಎರಡು ವಾರ ಬರೆದಿಡಿ

ಆ ಪ್ರಶ್ನೆಯೇ ಮೊದಲ ಹೆಜ್ಜೆ. ಯಾವ ಸಾಮಾನನ್ನೂ ಕೊಳ್ಳಬೇಡಿ. ಒಂದು ಹಳೇ ನೋಟ್‌ಬುಕ್ ತಗೊಂಡು ಎರಡು ವಾರ ಬರೆಯಿರಿ. ಯಾವ ದಾರಿ, ಎಷ್ಟು ಕಿಲೋಮೀಟರ್, ಅದರಲ್ಲಿ ಮಣ್ಣು ಎಷ್ಟು, ಹಿಂದೆ ಯಾರು ಕೂತಿದ್ದರು, ಏನು ಹೇರಿದ್ದಿರಿ. ಮನಸ್ಸಿನಲ್ಲಿರುವ ದಾರಿಯನ್ನಲ್ಲ, ಹೋದ ದಾರಿಯನ್ನು ಬರೆಯಬೇಕು.

ನನ್ನ ಪುಸ್ತಕದಲ್ಲಿ ಬಂದದ್ದು: ವಾರವಿಡೀ ಶಿವಮೊಗ್ಗ ಪೇಟೆ, ಶನಿವಾರ ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ, ಆಗುಂಬೆ ದಾಟಿ ಉಡುಪಿ ಕಡೆಗೆ. ಹೆಚ್ಚು ಸಲ ಹೆಂಡತಿಯೂ ಜೊತೆಗೆ. ನೂರಕ್ಕೆ ತೊಂಬತ್ತು ಭಾಗ ಟಾರು. ಭಾವನದ್ದು: ಮನೆಯಿಂದ ತೋಟಕ್ಕೆ ಜಂಬಿಟ್ಟಿಗೆ ಮಣ್ಣಿನ ಏರುದಾರಿ, ನಡುವೆ ಒಂದು ಹಳ್ಳ, ಎರಡು ಕಡೆ ದಣಪೆ, ಅಂದರೆ ಬೇಲಿಯ ಗೇಟು. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವಾಗ ಮೈಲುತುತ್ತ, ಸುಣ್ಣದ ಚೀಲ. ವೇಗ ನಲವತ್ತು ದಾಟಿದ್ದೇ ಇಲ್ಲ.

ಕೊಡಚಾದ್ರಿಯ ಜೀಪ್ ದಾರಿಯ ಆಸೆಗೆ ಇಡೀ ಬೈಕ್ ಬದಲಾಯಿಸುವವರಿದ್ದಾರೆ. ವರ್ಷಕ್ಕೊಮ್ಮೆ ಹೋಗುವ ಜಾಗಕ್ಕಾಗಿ ಉಳಿದ 364 ದಿನ ಕಷ್ಟಪಡಬೇಡಿ. ಅಲ್ಲಿಗೆ ಜೀಪುಗಳೇ ಇವೆ.

ಟೈರು: ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ

ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಎಲ್ಲವನ್ನೂ ಟೈರಿಗೇ ಹಾಕಿ. ಬಟನ್ ಟೈರಿನಲ್ಲಿ ರಬ್ಬರಿನ ಗಟ್ಟಿಗಳು ದೂರ ದೂರ ಇರುತ್ತವೆ. ಮೆತ್ತನೆ ಮಣ್ಣಿಗೆ ಅವು ಹಲ್ಲಿನಂತೆ ಕಚ್ಚುತ್ತವೆ. ನಮ್ಮ ಕೆಂಪು ಮಣ್ಣು ಮಳೆಗೆ ಅಂಟಂಟಾಗುತ್ತದೆ. ಸಾದಾ ಟೈರಿನ ಸಂದುಗಳಲ್ಲಿ ಅದು ತುಂಬಿಕೊಂಡು ಟೈರು ಬೋಳಾಗಿಬಿಡುತ್ತದೆ. ಸಂದು ಅಗಲವಿದ್ದರೆ ಚಕ್ರ ತಿರುಗುವಾಗ ಮಣ್ಣು ತಾನೇ ಹಾರಿ ಹೋಗುತ್ತದೆ. ಆದರೆ ಒದ್ದೆ ಟಾರಿನ ಮೇಲೆ ಇದೇ ಟೈರಿನ ಸ್ವಲ್ಪ ಭಾಗ ಮಾತ್ರ ರಸ್ತೆಗೆ ತಾಗುತ್ತದೆ. ಬೈಕ್ ವಾಲಿದಾಗ ಆ ಗಟ್ಟಿಗಳು ಬಾಗುತ್ತವೆ, ಹಿಡಿತ ಇನ್ನೂ ಕಡಿಮೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ಘಾಟಿಯಲ್ಲಿ 14 ಹೇರ್‌ಪಿನ್ ತಿರುವು, ಬಿಸಿಲು ತಾಗದ ಕಡೆ ಹಾವಸೆ. ನಾನು ಬಿದ್ದಿದ್ದರಲ್ಲಿ ಆಶ್ಚರ್ಯವೇನಿಲ್ಲ. ಟಾರಿನಲ್ಲಿ ಬಟನ್ ಬೇಗ ಸವೆಯುತ್ತದೆ ಎನ್ನುವುದು ಬೇರೆ.

ಹಾಗಾಗಿ ನಾನು ರಸ್ತೆ ಕಡೆಗೆ ವಾಲಿದ, 80-20 ಎಂದು ಮಾರುವ ಟೈರಿಗೆ ಬಂದೆ. ಎಂಬತ್ತು ಭಾಗ ಟಾರು, ಇಪ್ಪತ್ತು ಭಾಗ ಮಣ್ಣು ಎಂದು ಅದರ ಅರ್ಥ. ಭಾವನದ್ದು ಪೂರ್ತಿ ಬಟನ್. ಅಳತೆ ಮಾತ್ರ ಇಬ್ಬರದ್ದೂ ಕಂಪನಿ ಕೊಟ್ಟಿದ್ದೇ: ಮುಂದೆ 90/90-21, ಹಿಂದೆ 120/80-18. ಅಗಲದ ಟೈರ್ ಹಾಕಿದರೆ ಹಿಡಿತ ಜಾಸ್ತಿ ಎನ್ನುವವರ ಮಾತು ಕೇಳಬೇಡಿ. ಕೆಸರಿನಲ್ಲಿ ಅಗಲದ ಟೈರು ಮೇಲೆ ತೇಲುತ್ತದೆ, ಕಿರಿದಾದದ್ದು ಕೆಳಗಿನ ಗಟ್ಟಿ ನೆಲವನ್ನು ಹುಡುಕಿಕೊಳ್ಳುತ್ತದೆ.

ಗಾಳಿಯ ವಿಷಯ. ಟಾರಿನಲ್ಲಿ ಕಂಪನಿ ಪುಸ್ತಕದಲ್ಲಿ ಹೇಳಿದಷ್ಟು ಇರಲಿ. ತೋಟದ ದಾರಿಗೆ ಭಾವ 20 ಪಿಎಸ್‌ಐಗೆ ಇಳಿಸುತ್ತಾರೆ. ಅದಕ್ಕಿಂತ ತೀರಾ ಕೆಳಗೆ ಹೋಗಬೇಡಿ. ಇವು ಟ್ಯೂಬ್ ಇರುವ ಚಕ್ರಗಳು. ಗಾಳಿ ಕಡಿಮೆಯಾದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿನ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತಾಗುತ್ತದೆ. ಒಮ್ಮೊಮ್ಮೆ ಟೈರು ರಿಮ್ಮಿನ ಮೇಲೆ ಜಾರಿ ವಾಲ್ವನ್ನೇ ಕಿತ್ತುಹಾಕುತ್ತದೆ. ಗಾಳಿ ಇಳಿಸಿಕೊಂಡು ಟಾರಿಗೆ ಬಂದರೆ ಮತ್ತೆ ತುಂಬಿಸಲೇಬೇಕು. ಕೈಪಂಪೊಂದು ಗಾಡಿಯಲ್ಲೇ ಇರಲಿ.

ಸ್ಪ್ರಾಕೆಟ್‌ನ ಒಂದು ಹಲ್ಲು

ಕಡಿಮೆ ದುಡ್ಡಿನಲ್ಲಿ ಬೈಕಿನ ಸ್ವಭಾವವೇ ಬದಲಾಗಬೇಕಾದರೆ ಮುಂದಿನ ಸಣ್ಣ ಸ್ಪ್ರಾಕೆಟ್, ಅಂದರೆ ಚೈನ್ ಓಡುವ ಹಲ್ಲಿನ ಚಕ್ರ ಬದಲಿಸಿ. ಮೊದಲು ನಿಮ್ಮ ಗಾಡಿಯ ಹಲ್ಲು ಎಣಿಸಿ. ಲೆಕ್ಕಕ್ಕೆ ಮುಂದೆ 13, ಹಿಂದೆ 40 ಎಂದುಕೊಳ್ಳಿ. ಹಿಂದಿನದನ್ನು ಮುಂದಿನದರಿಂದ ಭಾಗಿಸಿದರೆ 3.08 ಬರುತ್ತದೆ. ಮುಂದೆ 12 ಹಾಕಿದರೆ 3.33. ಅಂದರೆ ಎಳೆತ ಎಂಟು ಪರ್ಸೆಂಟ್‌ನಷ್ಟು ಹೆಚ್ಚು. ಫಸ್ಟ್ ಗೇರಿನಲ್ಲಿ ಕ್ಲಚ್ ಒದ್ದಾಡಿಸದೆ, ನಡೆಯುವ ವೇಗದಲ್ಲಿ ತೋಟದ ಏರು ಹತ್ತಬಹುದು. ಭಾವ ಅದನ್ನೇ ಮಾಡಿದರು. ಬೆಲೆ ಏನೆಂದರೆ, 80ರ ವೇಗದಲ್ಲಿ ಎಂಜಿನ್ ಮೊದಲು ನಿಮಿಷಕ್ಕೆ 6,000 ಸುತ್ತು ತಿರುಗುತ್ತಿದ್ದರೆ ಈಗ 6,500. ನಲವತ್ತು ದಾಟದವರಿಗೆ ಅದು ಲೆಕ್ಕಕ್ಕೇ ಇಲ್ಲ.

ನಾನು ಉಲ್ಟಾ ಮಾಡಿ 14 ಹಾಕಿಸಲೇ ಎಂದು ಯೋಚಿಸಿದ್ದೆ. ಬಿಟ್ಟೆ. ಹೆದ್ದಾರಿಯಲ್ಲಿ ಎಂಜಿನ್ ಸದ್ದು ಕಡಿಮೆಯಾಗುತ್ತದೆ, ನಿಜ. ಆದರೆ 200 ಸಿಸಿಯ ಗಾಡಿಯಲ್ಲಿ ಇಬ್ಬರು ಕೂತು, ಬ್ಯಾಗು ಹೇರಿ ಹುಲಿಕಲ್ ಘಾಟಿ ಹತ್ತುವಾಗ ಪ್ರತಿ ತಿರುವಿನಲ್ಲೂ ಗೇರ್ ಇಳಿಸಬೇಕಾಗುತ್ತದೆ. ಕಂಪನಿಯದ್ದೇ ಸಾಕು.

ಶಾಕ್ ಅಬ್ಸಾರ್ಬರ್: ಒಂದು ಟೇಪು, ಇಬ್ಬರು ಮನುಷ್ಯರು

ಇದನ್ನು ಬಹಳ ಜನ ಮಾಡುವುದೇ ಇಲ್ಲ. ಒಂದು ರೂಪಾಯಿ ಖರ್ಚಿಲ್ಲದ ಕೆಲಸ. ಹಿಂದಿನ ಶಾಕ್‌ನ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಎಷ್ಟು ಕುಸಿಯುತ್ತದೆ ಎಂದು ಅಳೆಯಬೇಕು. ಇಬ್ಬರು ಸೇರಿ ಬೈಕಿನ ಹಿಂಭಾಗವನ್ನು ಚಕ್ರ ನೆಲ ಬಿಡುವಷ್ಟು ಎತ್ತಿ. ಹಿಂದಿನ ಆಕ್ಸಲ್‌ನಿಂದ ನೇರ ಮೇಲೆ, ಸೀಟಿನ ಕೆಳಗೆ ಗುರುತು ಮಾಡಿದ ಜಾಗದವರೆಗೆ ಅಳೆದು ಬರೆದುಕೊಳ್ಳಿ. ಈಗ ಹೆಲ್ಮೆಟ್, ಬೂಟು, ದಿನಾ ಒಯ್ಯುವ ಬ್ಯಾಗು ಎಲ್ಲದರ ಜೊತೆ ಕೂತುಕೊಳ್ಳಿ. ಒಬ್ಬರು ಮುಂದೆ ಹ್ಯಾಂಡಲ್ ಹಿಡಿಯಲಿ, ನೀವು ಎರಡೂ ಕಾಲನ್ನು ಫುಟ್‌ರೆಸ್ಟ್ ಮೇಲಿಡಿ. ಮತ್ತೆ ಅಳೆಯಿರಿ. ಎರಡು ಅಳತೆಗಳ ವ್ಯತ್ಯಾಸವೇ ನಿಮ್ಮ ಕುಸಿತ.

ಹಿಂದಿನ ಚಕ್ರ ಒಟ್ಟು 170 ಮಿ.ಮೀ. ಆಡುತ್ತದೆ. ಅದರ ಹೆಚ್ಚುಕಡಿಮೆ ಮೂರನೇ ಒಂದು ಭಾಗ, 50ರಿಂದ 55 ಮಿ.ಮೀ. ಕುಸಿದರೆ ಸರಿ. ಜಾಸ್ತಿ ಕುಸಿದರೆ ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಡುವ ರಿಂಗ್, ಬಿಗಿ ಮಾಡಿ, ಕಡಿಮೆಯಾದರೆ ಸಡಿಲಿಸಿ. ಭಾವ ದಪ್ಪ ಆಳು, ಮೇಲೆ ಮೈಲುತುತ್ತದ ಚೀಲ ಬೇರೆ. ಅವರದ್ದು 70 ಬಂತು! ಹಳ್ಳದ ಕಲ್ಲಿಗೆ ಪ್ರತಿ ಸಲ ಅಡಿಭಾಗ ಬಡಿಯುತ್ತಿದ್ದದ್ದು ಯಾಕೆ ಎಂದು ಅಂಗಳದಲ್ಲೇ ಗೊತ್ತಾಯಿತು. ನನ್ನದು ಒಬ್ಬನೇ ಕೂತಾಗ ಸರಿ ಇತ್ತು, ಹೆಂಡತಿ ಕೂತಾಗ ಇಲ್ಲ. ಹಾಗಾಗಿ ಶನಿವಾರ ಬೆಳಿಗ್ಗೆ ಬಿಗಿ ಮಾಡುತ್ತೇನೆ, ಸೋಮವಾರ ಮೊದಲಿನಂತೆ ಮಾಡುತ್ತೇನೆ. ಬದಲಿಸಿದ ಮೇಲೆ ಚೈನ್ ಸಡಿಲವನ್ನೂ ನೋಡಿಕೊಳ್ಳಿ.

ಉಳಿದದ್ದು ಬೇಗ ಬೇಗ

ನನ್ನ ಗಾಡಿಗೆ ಎತ್ತರದ ಗಾಳಿತಡೆ, ಸೀಟಿನ ಮೇಲೆ ಮೆತ್ತೆ, ಎರಡೂ ಬದಿಗೆ ಬಟ್ಟೆಯ ಚೀಲ. ತಗಡಿನ ಪೆಟ್ಟಿಗೆ ಬೇಡ ಅನ್ನುವುದು ನನ್ನ ಹಟ. ಬಿದ್ದಾಗ ಕಾಲು ಅದರಡಿ ಸಿಕ್ಕರೆ ಮುರಿಯಬಹುದು. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕೆಲ್ಲ ವಾಪಸ್ ಕಣ್ಣಿಗೇ ಬಡಿಯುತ್ತದೆ, ಲೋಬೀಮ್ ಸಾಕು.

ಭಾವನ ಗಾಡಿಗೆ ಫುಟ್‌ರೆಸ್ಟಿನ ರಬ್ಬರ್ ತೆಗೆಸಿದ್ದೇವೆ. ನಿಂತು ಓಡಿಸುವಾಗ ಕೆಸರಿನ ಬೂಟು ಜಾರುವುದಿಲ್ಲ. ಇದರಲ್ಲಿ ರೋಡ್, ಆಫ್ ರೋಡ್, ರ‍್ಯಾಲಿ ಎಂದು ಮೂರು ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಮೋಡ್ ಇವೆ. ಅವರು ಇಳಿಜಾರಿನಲ್ಲಿ ಆಫ್ ರೋಡ್‌ಗೆ ಹಾಕುತ್ತಾರೆ, ನಾನು ರೋಡ್ ಬಿಟ್ಟು ಕದಲುವುದಿಲ್ಲ. ಹಳ್ಳದ ನೀರು ಚಕ್ರದ ಆಕ್ಸಲ್ ಮುಟ್ಟುವಂತಿದ್ದರೆ ಇಳಿದು ನಡೆದು ನೋಡಬೇಕು. ಮೈಲುತುತ್ತ ಕಬ್ಬಿಣ, ಅಲ್ಯುಮಿನಿಯಂ ಎರಡನ್ನೂ ತಿನ್ನುತ್ತದೆ, ಅದಕ್ಕೆ ಔಷಧಿ ಹೊಡೆದ ಸಂಜೆ ಗಾಡಿ ತೊಳೆಯದೆ ಅಕ್ಕ ಊಟಕ್ಕೆ ಬಡಿಸುವುದಿಲ್ಲ.

ಸೈಲೆನ್ಸರ್ ಮಾತ್ರ ಇಬ್ಬರೂ ಮುಟ್ಟಿಲ್ಲ. ಕಂಪನಿ ಮಾಡಿದ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ. ಕಾಡಿನೊಳಗಿನ ದಾರಿಗೂ ಅಷ್ಟೇ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಇಳಿಯಬೇಡಿ.

ಎಲ್ಲ ಜೋಡಿಸಿದ ಮೇಲೆ ನೂರು ಕಿಲೋಮೀಟರ್ ಓಡಿಸಿ, ಪ್ರತಿ ನಟ್ಟು ಬೋಲ್ಟು ಮತ್ತೆ ಬಿಗಿ ಮಾಡಿ. ಚಕ್ರದ ಕಡ್ಡಿಗಳನ್ನು ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ ಕೇಳಿ. ಸಡಿಲವಾದದ್ದು ಮೊಂಡಾಗಿ ಸದ್ದು ಮಾಡುತ್ತದೆ.

ಕೊನೆಗೆ ಸೀಟಿನ ಹಿಂದಿನ ಚೀಲ. ಇಬ್ಬರದ್ದರಲ್ಲೂ ಟೈರು ಬಿಚ್ಚುವ ಲಿವರ್, ಪಂಪು, 21 ಇಂಚಿನ ಒಂದೇ ಒಂದು ಟ್ಯೂಬು. ತುರ್ತಿಗೆ ಅದು ಹಿಂದಿನ 18 ಇಂಚಿನ ಚಕ್ರಕ್ಕೂ ಆಗುತ್ತದೆ, ಪಂಕ್ಚರ್ ಅಂಗಡಿ ಸಿಗುವವರೆಗೆ. ಭಾವನ ಚೀಲದಲ್ಲಿ ಇದರ ಜೊತೆ ಒಂದು ಕತ್ತಿ, ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು. ಉಪ್ಪು ಉಂಬಳಕ್ಕೆ, ಅಂದರೆ ಜಿಗಣೆಗೆ. ಬಟನ್ ಟೈರ್ ಬಿಚ್ಚಿಸಿದ ಮೇಲೂ ಅವರನ್ನು ನೋಡಿ ನಾನು ಕಲಿತು ಉಳಿಸಿಕೊಂಡದ್ದು ಆ ಗಂಟು ಒಂದೇ. ನಾನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟಿದ್ದೇನೆ, ಇಲ್ಲದಿದ್ದರೆ ಸ್ಪ್ಯಾನರಿಗೆ ತುಕ್ಕು ಹಿಡಿಯುತ್ತದೆ.