ನೀರು ಇಳಿಯುವವರೆಗಿನ ಸಂಧಿ: ಒಂದು ರೋಬೋ ಕಾಳಗವನ್ನು ಕಟ್ಟಿದ ಬಗೆ

ರೋಬೋಗಳ ಕಥೆಯಲ್ಲಿ ಕಾಳಗವನ್ನು ಚಿತ್ರಿಸುವುದು ಅಷ್ಟೇನೂ ಕಷ್ಟವಲ್ಲ. ಕಾಳಗ ನಿಂತ ಮೇಲೆ ಅದೇ ಎದುರಾಳಿಯನ್ನು ನಾಯಕನ ಪಕ್ಕದಲ್ಲಿ ನಿಲ್ಲಿಸಿ, ನೋಡುವವರು ಅದನ್ನು ನಂಬುವಂತೆ ಮಾಡುವುದೇ ಕಷ್ಟ. ಸಾಗರದಲ್ಲಿ ಕೆಲವು ಗೆಳೆಯರೊಡನೆ ಸೇರಿ ಮಕ್ಕಳಿಗಾಗಿ ಬ್ಲೆಂಡರ್ ತಂತ್ರಾಂಶದಲ್ಲಿ ಕಿರು ಅನಿಮೇಷನ್ ಸರಣಿಯೊಂದನ್ನು ಮಾಡುತ್ತಿದ್ದೇನೆ. ಅದರಲ್ಲಿ ನನ್ನನ್ನು ಹೆಚ್ಚು ಕಾಲ ಹಿಡಿದಿಟ್ಟದ್ದು ಈ ಎರಡನೆಯ ಕೆಲಸ.

ನಮ್ಮ ನಾಯಕ ಲಾಂಚಣ್ಣ. ಶರಾವತಿ ಹಿನ್ನೀರಿನಲ್ಲಿ ಜನರನ್ನು ದಾಟಿಸುತ್ತಿದ್ದ ಹಳೆಯ ಲಾಂಚಿನ ಒಡಲಿನಿಂದ ಕಟ್ಟಿದ ರೋಬೋ. ಎದುರಾಳಿಯ ಹೆಸರು ಗರಗಸ. ಮುಳುಗಡೆಗೆ ಮೊದಲು ಕಾಡು ಕಡಿಯಲೆಂದು ಮಾಡಿದ ಯಂತ್ರವಾದ ಅವನು, ತನ್ನ ಕೆಲಸ ಮುಗಿದು ಹೋಯಿತೆಂಬುದನ್ನು ಒಪ್ಪಿಕೊಂಡವನಲ್ಲ. ದಡದ ಸಣ್ಣಪುಟ್ಟ ರೋಬೋಗಳ ಮುಂದಾಳು ಯಾರಾಗಬೇಕೆಂಬುದು ಇಬ್ಬರ ನಡುವಿನ ಜಗಳ.

ಬರೆಯಲು ಕೂರುವ ಮೊದಲು ಹಿಂದಿನವರು ಇದನ್ನು ಹೇಗೆ ಮಾಡಿದ್ದಾರೆಂದು ಗಮನವಿಟ್ಟು ನೋಡಿದೆ. ಕೆನಡಾದ ವ್ಯಾಂಕೂವರಿನ ಮೇನ್‌ಫ್ರೇಮ್ ಸಂಸ್ಥೆ 1996ರಲ್ಲಿ ತಂದ ‘ಬೀಸ್ಟ್ ವಾರ್ಸ್’ ಸರಣಿಯ ಆರಂಭದಲ್ಲೇ ಡೈನೋಬಾಟ್ ತನ್ನ ಪಡೆಯನ್ನು ತೊರೆದು ಬಂದು, ಎದುರು ಪಡೆಯ ನಾಯಕ ಆಪ್ಟಿಮಸ್ ಪ್ರೈಮಲ್‌ನನ್ನು ನಾಯಕತ್ವಕ್ಕಾಗಿ ದ್ವಂದ್ವಕ್ಕೆ ಕರೆಯುತ್ತಾನೆ. ಆ ಕಾಳಗದ ಬಳಿಕ ಅವನ ಕೈಕೆಳಗೇ ಸೇರಿಕೊಳ್ಳುತ್ತಾನೆ. ಜಪಾನಿನ ‘ಮೊಬೈಲ್ ಸೂಟ್ ಗಂಡಮ್’ ಆರಂಭವಾದದ್ದು 1979ರಲ್ಲಿ. ಅದರ 43ನೆಯದೂ ಕೊನೆಯದೂ ಆದ ಕಂತಿನಲ್ಲಿ ದೈತ್ಯ ಯಂತ್ರಗಳ ಒಳಗೆ ಕುಳಿತು ಕಾದಾಡುವ ಎದುರಾಳಿಗಳಾದ ಅಮುರೋ ಮತ್ತು ಶಾರ್ ತಮ್ಮ ಯಂತ್ರಗಳು ಮುರಿದ ಮೇಲೆ ಹೊರಗಿಳಿದು ಕತ್ತಿ ಹಿಡಿದು ಹೋರಾಡುತ್ತಾರೆ. 1985ರ ‘ಝೀಟಾ ಗಂಡಮ್’ನಲ್ಲಿ ಅದೇ ಇಬ್ಬರು ಒಂದೇ ಪಕ್ಷದಲ್ಲಿರುತ್ತಾರೆ, 1988ರ ಚಲನಚಿತ್ರದಲ್ಲಿ ಮತ್ತೆ ಎದುರುಬದುರಾಗುತ್ತಾರೆ. ನನ್ನ ತೂಕದಲ್ಲಿ ಗಂಡಮ್ ಕಥೆಯೇ ಹೆಚ್ಚು, ಏಕೆಂದರೆ ಅಲ್ಲಿ ಜೊತೆಗೂಡುವುದರಿಂದ ಹಳೆಯ ಲೆಕ್ಕ ಚುಕ್ತಾ ಆಗುವುದಿಲ್ಲ. ಆದರೆ ಹೊಸಬನನ್ನು ಕಂಡು ಉಳಿದವರು ಮುಖ ಸಿಂಡರಿಸುವುದನ್ನು ‘ಬೀಸ್ಟ್ ವಾರ್ಸ್’ ಚೆನ್ನಾಗಿ ತೋರಿಸುತ್ತದೆ. ಹೊಸಬನನ್ನು ನಂಬದ ರ‍್ಯಾಟ್‌ಟ್ರ್ಯಾಪ್ ಎಂಬ ರೋಬೋ ಅಲ್ಲಿ ಇಲ್ಲದಿದ್ದರೆ ಡೈನೋಬಾಟ್‌ನ ಮಾನದ ಮಾತುಗಳು ಬರೀ ಭಾಷಣವಾಗುತ್ತಿದ್ದವು.

ಇಷ್ಟಾದರೂ ನನಗೆ ಬೇಕಾದ ಕೀಲಿ ಸಿಕ್ಕಿದ್ದು ನಮ್ಮ ಕಡೆಯ ತಾಳಮದ್ದಲೆಯಲ್ಲಿ. ಕರ್ಣಪರ್ವದ ಶಲ್ಯನಿಗಿಂತ ಮುನಿಸಿನ ಜೊತೆಗಾರ ಬೇರೆಲ್ಲಿದ್ದಾನೆ? ಮನಸ್ಸಿಲ್ಲದ ಮನಸ್ಸಿನಿಂದ ಕರ್ಣನ ಸಾರಥಿಯಾಗುವ ಅವನು, ತನಗೆ ತೋಚಿದ್ದನ್ನು ಆಡುವ ಸ್ವಾತಂತ್ರ್ಯ ತನಗಿರಬೇಕೆಂಬ ಷರತ್ತನ್ನು ಮೊದಲೇ, ಎಲ್ಲರ ಎದುರಿಗೇ ಹಾಕುತ್ತಾನೆ. ತೊಟ್ಟ ಬಾಣವನ್ನು ಮತ್ತೆ ತೊಡುವುದಿಲ್ಲವೆಂದು ಕರ್ಣ ಹಟ ಹಿಡಿದಾಗ, ರಥದಿಂದ ಇಳಿದು ಹೋಗಿಬಿಡುತ್ತಾನೆ. ಅವನು ಇಳಿಯುವುದು ನಮಗೆ ದ್ರೋಹವೆನ್ನಿಸದಿರುವುದಕ್ಕೆ ಕಾರಣ ಆ ಷರತ್ತು. ಹಾಗಾಗಿ ಗರಗಸನ ಬಾಯಲ್ಲೂ ಒಂದು ಷರತ್ತು ಇರಬೇಕು, ಅದಕ್ಕೊಂದು ಗಡುವೂ ಇರಬೇಕು ಎಂದು ನಿಶ್ಚಯಿಸಿದೆ.

ಗಡುವನ್ನು ಕೊಟ್ಟದ್ದು ಜಾಗ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಒಂದು ಕಾಲದಲ್ಲಿ ಜೋಗದ ವಿದ್ಯುದಾಗಾರಕ್ಕೆ ನೀರು ಒದಗಿಸುತ್ತಿತ್ತು. 1964ರಲ್ಲಿ ಲಿಂಗನಮಕ್ಕಿ ಜಲಾಶಯ ಬಂದ ಮೇಲೆ ಅದು ಹಿನ್ನೀರಿನಲ್ಲಿ ಮುಳುಗಿತು. ನೀರು ತೀರ ಕೆಳಗಿಳಿದ ಬೇಸಿಗೆಗಳಲ್ಲಿ ಮಾತ್ರ ಅದರ ಗೋಡೆ, ಹೆಚ್ಚಾದ ನೀರನ್ನು ಹೊರಬಿಡುವ ಸೈಫನ್‌ಗಳ ದೊಡ್ಡ ಬಾಯಿಗಳೊಡನೆ, ಒಣಗಿದ ಮರದ ಬುಡಗಳ ನಡುವೆ ಮೇಲೆದ್ದು ಕಾಣುತ್ತದೆ. ದ್ವಂದ್ವಕ್ಕೆ ಇದಕ್ಕಿಂತ ತಕ್ಕ ಕಣವನ್ನು ಕಲ್ಪಿಸಿ ಕಟ್ಟಬೇಕಾದ ಅಗತ್ಯವೇ ಇರಲಿಲ್ಲ. ನಿಯಮವೂ ಜಾಗದಿಂದಲೇ ಹುಟ್ಟಿತು: ಕಾಳಗ ಗೋಡೆಯ ಮೇಲೆ ಮಾತ್ರ, ಯಾರ ಕಾಲಿಗೆ ಮೊದಲು ನೀರು ತಾಗುವುದೋ ಅವರು ಸೋತಂತೆ.

ನಿಯಮವನ್ನು ಮೊದಲು ಹೇಳಿಸಿ, ಆಮೇಲೆ ಮಳೆಯನ್ನು ತಂದೆ. ಕಾಳಗದ ನಡುವೆಯೇ ಹಿನ್ನೀರು ಏರಿ, ಇಬ್ಬರ ಕಾಲಿಗೂ ಒಂದೇ ಗಳಿಗೆಯಲ್ಲಿ ತಾಗುತ್ತದೆ. ಸೋತವರೂ ಇಲ್ಲ, ಗೆದ್ದವರೂ ಇಲ್ಲ, ಕಣವೇ ಮುಳುಗುತ್ತಿದೆ. ಅದೇ ಹೊತ್ತಿಗೆ ಹೂಳಿನಡಿ ಹೂತಿದ್ದ ಹಳೆಯ ಯಂತ್ರಗಳು ಎದ್ದು ದಡದ ಮೇಲೆ ನುಗ್ಗುತ್ತವೆ. ಈ ಭಾಗವನ್ನು ಬೇಗ ದಾಟಿಸಿದ್ದೇನೆ, ಏಕೆಂದರೆ ಹೊರಗಿನ ಅಪಾಯ ಸಂಧಿಗೆ ನೆಪವಷ್ಟೇ. ಗರಗಸನ ಮಾತು ಹೀಗಿದೆ: “ನೀರು ಇಳಿದು ಈ ಗೋಡೆ ಕಾಣುವವರೆಗೆ ನಿನ್ನ ಜೊತೆ ಇರುತ್ತೇನೆ. ಗೋಡೆ ಕಂಡ ದಿನ ಬಾಕಿ ಉಳಿದದ್ದನ್ನು ಮುಗಿಸೋಣ. ಅಲ್ಲಿಯವರೆಗೆ ನನ್ನ ಬಾಯಿಗೆ ಬೀಗ ಹಾಕಬೇಡ.” ಲಾಂಚಣ್ಣ “ಆಗಲಿ ಮಾರಾಯ” ಎನ್ನುತ್ತಾನೆ, ಅಷ್ಟೇ.

ಅಲ್ಲಿಂದ ಮುಂದೆ ಪ್ರತಿ ಕಂತೂ ಜಲಾಶಯದ ನೀರಿನ ಮಟ್ಟದಿಂದ ಆರಂಭವಾಗುತ್ತದೆ. ಮಳೆಗಾಲದಲ್ಲಿ ಪತ್ರಿಕೆಯ ಮೂಲೆಯಲ್ಲಿ ಅಣೆಕಟ್ಟೆಗಳ ಮಟ್ಟ ನೋಡುವ ಮನೆಗಳ ಮಕ್ಕಳಿಗೆ, ಲಿಂಗನಮಕ್ಕಿ ತುಂಬುವುದು 1819 ಅಡಿಗೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅಂಕಿ ಇಳಿಯುತ್ತ ಹೋದಂತೆ ಕಾಳಗ ಹತ್ತಿರವಾಗುತ್ತದೆ. ಗೋಡೆ ಎಲ್ಲ ಬೇಸಿಗೆಯಲ್ಲೂ ಹೊರಗೆ ಬರುವುದಿಲ್ಲವಾದ್ದರಿಂದ, ಕಥೆಯನ್ನು ಲಂಬಿಸಬೇಕೆನಿಸಿದರೆ ಒಂದು ಒಳ್ಳೆಯ ಮಳೆಗಾಲ ಸಾಕು, ಸುಳ್ಳು ಹೇಳಬೇಕಾಗಿಲ್ಲ.

ಇನ್ನು ಕೈಕೆಲಸದ ಮಾತು. ರೋಬೋಗಳನ್ನು ರಿಗ್ ಮಾಡುವುದು, ಅಂದರೆ ಆಡಿಸಲೆಂದು ಒಳಗೆ ಮೂಳೆಗಳನ್ನು ಕೂರಿಸುವುದು, ಮನುಷ್ಯರಿಗಿಂತ ಸುಲಭ. ಚರ್ಮ ಬಾಗುವ ಗೋಜಿಲ್ಲ, ಒಂದೊಂದು ಬಿಡಿಭಾಗವನ್ನು ಒಂದೊಂದು ಮೂಳೆಗೆ ಕಟ್ಟಿದರಾಯಿತು. ಭಾರ ತೋರಿಸುವುದೇ ನಿಜವಾದ ಪರಿಶ್ರಮ. ಭಾರವಾದದ್ದು ನಿಧಾನವಾಗಿ ಹೊರಡುತ್ತದೆ, ಹೊರಟ ಮೇಲೆ ಥಟ್ಟನೆ ನಿಲ್ಲಲಾರದು. ಆದ್ದರಿಂದ ಪ್ರತಿ ಹೊಡೆತಕ್ಕೂ ಮುನ್ನ ಮೈ ಹಿಂದಕ್ಕೆ ಸರಿಯುವುದಕ್ಕೆ ಹೆಚ್ಚು ಫ್ರೇಮುಗಳನ್ನೂ ಹೊಡೆತಕ್ಕೆ ಬೆರಳೆಣಿಕೆಯ ಫ್ರೇಮುಗಳನ್ನೂ ಕೊಟ್ಟೆ. ಇಡೀ ದ್ವಂದ್ವದಲ್ಲಿ ಹೊಡೆತಗಳಿರುವುದು ಮೂರೇ. ನಾನು ಹೆಚ್ಚು ಹೊತ್ತು ಕುಳಿತದ್ದು ಬೀಳದ ನಾಲ್ಕನೆಯ ಹೊಡೆತಕ್ಕಾಗಿ. ಲಾಂಚಣ್ಣ ಪಾಚಿಯ ಮೇಲೆ ಜಾರಿ ಮೊಣಕಾಲೂರುತ್ತಾನೆ, ಗರಗಸನ ಅಲಗು ಅವನ ಕುತ್ತಿಗೆಯ ಬಳಿಗೆ ಬಂದು ನಿಲ್ಲುತ್ತದೆ. ಆ ನಿಲುವನ್ನು 48 ಫ್ರೇಮ್, ಅಂದರೆ ಪೂರ್ತಿ ಎರಡು ಸೆಕೆಂಡು ಹಿಡಿದಿದ್ದೇನೆ; ಅಲಗಿನ ಮೊರೆತ ಮಾತ್ರ ಮೆಲ್ಲಗೆ ಇಳಿಯುತ್ತದೆ. ಜಾರಿದವನನ್ನು ಹೊಡೆಯಬಾರದೆಂದು ನಿಯಮದಲ್ಲಿ ಎಲ್ಲೂ ಇಲ್ಲ. ಅವನು ತಾನಾಗಿಯೇ ತಡೆದುಕೊಂಡದ್ದರಿಂದಲೇ ಮುಂದೆ ಲಾಂಚಣ್ಣ ಅವನ ಷರತ್ತಿಗೆ ತಲೆಯಾಡಿಸುತ್ತಾನೆ.

ಸಂಧಿಯ ನಂತರದ ದೃಶ್ಯಗಳಲ್ಲಿ ಅವರಿಬ್ಬರನ್ನು ಚೌಕಟ್ಟಿನ ಒಂದೇ ಬದಿಯಲ್ಲಿ ನಿಲ್ಲಿಸುವುದಿಲ್ಲ. ನಡುವೆ ಮರದ ಬುಡವೋ ದೋಣಿಯೋ ಇದ್ದೇ ಇರುತ್ತದೆ, ಗರಗಸನ ಅಲಗಿನ ಕೈ ಯಾವಾಗಲೂ ಲಾಂಚಣ್ಣನ ಕಡೆಗಿರುತ್ತದೆ. ಜೊತೆಯಾಗಿ ಹೋರಾಡುವಾಗ ಒಬ್ಬನ ಬೀಸು ಇನ್ನೊಬ್ಬನಿಗೆ ಅಡ್ಡಬರುತ್ತದೆ. ಅಂದವಾಗಿ ಕೈಜೋಡಿಸಿ ಗೆಲ್ಲುವ ದೃಶ್ಯವನ್ನು ಗೆಳೆಯರು ಕೇಳಿದರು, ನಾನು ಒಪ್ಪಲಿಲ್ಲ.

ರೆಂಡರ್ ಮಾಡುವಾಗ, ಅಂದರೆ ಕಂಪ್ಯೂಟರಿನಿಂದ ಅಂತಿಮ ಚಿತ್ರಗಳನ್ನು ತೆಗೆಯುವಾಗ, ವಿಡಿಯೊ ಕಡತವನ್ನು ನೇರವಾಗಿ ಬರೆಸದೆ, ಒಂದೊಂದು ಫ್ರೇಮನ್ನೂ ಬಿಡಿ ಚಿತ್ರವಾಗಿ ಉಳಿಸುತ್ತೇವೆ. ಆಷಾಢದ ಗಾಳಿಗೆ ಕರೆಂಟು ಹೋದರೆ ನಿಂತ ಫ್ರೇಮಿನಿಂದ ಮುಂದುವರಿಸಬಹುದು. ಮಲೆನಾಡಿನಲ್ಲಿ ಈ ಕೆಲಸಕ್ಕೆ ಇಳಿಯುವವರು ಇದನ್ನು ಮೊದಲೇ ರೂಢಿಸಿಕೊಳ್ಳುವುದು ಒಳ್ಳೆಯದು.

ಧ್ವನಿಯ ವಿಷಯದಲ್ಲಿ ‘ಬೀಸ್ಟ್ ವಾರ್ಸ್’ಗೆ ನಾನು ನೇರವಾಗಿ ಋಣಿ. ಅಲ್ಲಿ ಡೈನೋಬಾಟ್ ಮತ್ತು ಅವನನ್ನು ಸದಾ ಶಂಕಿಸುವ ರ‍್ಯಾಟ್‌ಟ್ರ್ಯಾಪ್ ಇಬ್ಬರಿಗೂ ಧ್ವನಿ ಕೊಟ್ಟವರು ಸ್ಕಾಟ್ ಮೆಕ್‌ನೀಲ್ ಒಬ್ಬರೇ. ನಮ್ಮಲ್ಲೂ ಇಂಬಳ ಎಂಬ ಪುಟ್ಟ ರೋಬೋ ಗರಗಸನ ಕಾಲಿಗೆ ಅಂಟಿಕೊಂಡೇ ತಿರುಗುತ್ತ, “ನೀನು ಇವತ್ತು ಯಾರ ಕಡೆ?” ಎಂದು ಕೇಳುತ್ತಿರುತ್ತಾನೆ. ಹವ್ಯಾಸಕ್ಕೆ ತಾಳಮದ್ದಲೆಯಲ್ಲಿ ಅರ್ಥ ಹೇಳುವ ಗೆಳೆಯರೊಬ್ಬರು ಎರಡೂ ಪಾತ್ರಗಳಿಗೆ ದನಿಯಾಗಿದ್ದಾರೆ. ತಗಡಿನ ಮೇಲೆ ಮಳೆ ಬೀಳದ ಹೊತ್ತು ನೋಡಿ, ಮೊದಲು ಗರಗಸನ ಮಾತುಗಳನ್ನೆಲ್ಲ ಮುಗಿಸಿ, ಬೇರೆ ದಿನ ಇಂಬಳನದ್ದನ್ನು ಧ್ವನಿಮುದ್ರಿಸಿದೆವು. ಆ ಪ್ರಶ್ನೆಗೆ ಗರಗಸನಿಂದ ಒಂದು ಉತ್ತರ ಹೇಳಿಸೋಣವೆಂದು ಅವರೇ ಒಮ್ಮೆ ಸೂಚಿಸಿದರು. ನಾನು ಬರೆಯಲಿಲ್ಲ. ಅವನು ಒಮ್ಮೆ “ನಿಮ್ಮ ಕಡೆ” ಎಂದುಬಿಟ್ಟರೆ, ಗೋಡೆ ಕಂಡ ದಿನ ಅವನ ಕೈಗೆ ಮತ್ತೆ ಅಲಗು ಕೊಡುವುದು ಹೇಗೆ?