ಪಾಳುಬಿದ್ದ ಕಾರ್ಖಾನೆಗಳ ಫೋಟೊ ತೆಗೆಯುವ ಬಗೆ

ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ 1950ರಲ್ಲಿ ಸುಮಾರು 18.5 ಲಕ್ಷ ಜನರಿದ್ದರು. 2020ರ ಜನಗಣತಿಯ ಹೊತ್ತಿಗೆ ಆ ಸಂಖ್ಯೆ ಸುಮಾರು 6.4 ಲಕ್ಷಕ್ಕೆ ಇಳಿದಿತ್ತು. ಉದ್ದಿಮೆಗಳು ಕೈಬಿಟ್ಟ ಇಂಥ ಊರುಗಳಲ್ಲಿ ಕ್ಯಾಮೆರಾ ಹಿಡಿದು ಹೊರಟವರು ತುಕ್ಕು, ಬಿರುಕು, ಗೋಡೆ ಸೀಳಿ ಬೆಳೆದ ಗಿಡಗಳ ಸೊಬಗಿಗಷ್ಟೇ ಮರುಳಾದರೆ, ಗಿರಣಿಯೂ ಉಕ್ಕಿನ ಕಾರ್ಖಾನೆಯೂ ಚಿತ್ರದಲ್ಲಿ ಒಂದೇ ತೆರನಾಗಿ ಕಾಣುತ್ತವೆ. ಅಲ್ಲಿ ಏನು ತಯಾರಾಗುತ್ತಿತ್ತು, ಕಾರ್ಮಿಕರು ಎಲ್ಲಿ ನಿಂತು ದುಡಿಯುತ್ತಿದ್ದರು ಎಂಬುದು ನೋಡುವವರಿಗೆ ತಿಳಿಯಬೇಕು ಎಂಬುದೇ ಈ ಬರಹದ ಆಗ್ರಹ.

ಮೊದಲು ಮಾಲೀಕರಿಂದ ಲಿಖಿತ ಅನುಮತಿ ಪಡೆಯಿರಿ. ಅದು ಸಿಗದಿದ್ದರೆ ರಸ್ತೆಯಲ್ಲಿ ನಿಂತೇ ತೆಗೆಯಿರಿ. ಒಬ್ಬರೇ ಒಳಗೆ ಹೋಗಬೇಡಿ, ಮರಳುವ ಹೊತ್ತನ್ನು ಹೊರಗಿರುವ ಒಬ್ಬರಿಗೆ ತಿಳಿಸಿರಿ. ಸೂರು ಸೋರಿದ ಕಡೆ ಅದರ ಕೆಳಗಿನ ಮರದ ನೆಲ ಗಟ್ಟಿಯಾಗಿ ಕಂಡರೂ ಒಳಗೆ ಕೊಳೆತಿರಬಹುದು. ಕೊಳವೆಗಳಿಗೆ ಸುತ್ತಿದ ಹೊದಿಕೆ ಹರಿದು ಉದುರುತ್ತಿದ್ದರೆ ಅದರಲ್ಲಿ ಕಲ್ನಾರು (ಉಸಿರಿಗೆ ಅಪಾಯಕಾರಿಯಾದ ಆಸ್ಬೆಸ್ಟಾಸ್) ಇರಬಹುದಾದ್ದರಿಂದ ಆ ಕೋಣೆಯನ್ನು ಬಿಟ್ಟುಬಿಡಿ; ಬಟ್ಟೆಯ ಮಾಸ್ಕ್ ಅದರ ಎಳೆಗಳನ್ನು ತಡೆಯುವುದಿಲ್ಲ. ಎಲ್ಲಕ್ಕಿಂತ ಮೋಸದ ಜಾಗವೆಂದರೆ ಮುಚ್ಚಿದ ಕಬ್ಬಿಣದ ಟ್ಯಾಂಕು: ತುಕ್ಕು ಹಿಡಿಯುವ ಕಬ್ಬಿಣವು ಗಾಳಿಯ ಆಮ್ಲಜನಕವನ್ನು ಹೀರಿಕೊಳ್ಳುವುದರಿಂದ, ಯಾವ ವಾಸನೆಯೂ ಇಲ್ಲದೆಯೇ ಒಳಗಿಳಿದವರು ಪ್ರಜ್ಞೆ ತಪ್ಪಿ ಸಾಯುವ ಅಪಾಯವಿದೆ. ಯಾವ ಚಿತ್ರಕ್ಕಾಗಿಯೂ ಅದರೊಳಗೆ ಇಳಿಯಬೇಡಿ.

ಒಳಗೆ ಬೆಳಕು ಕಡಿಮೆ, ಕಿಟಕಿಗಳಲ್ಲಿ ಮಾತ್ರ ವಿಪರೀತ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100, ಅಪರ್ಚರ್ (ಲೆನ್ಸಿನ ಬೆಳಕಿಂಡಿಯ ಅಗಲ) ಎಫ್/8ರ ಆಸುಪಾಸಿನಲ್ಲಿರಿಸಿ, ಷಟರ್ ಕೆಲವು ಸೆಕೆಂಡುಗಳ ಕಾಲ ತೆರೆದಿದ್ದರೂ ಚಿಂತಿಸದೆ ಟೈಮರ್ ಬಳಸಿ ಕ್ಲಿಕ್ಕಿಸಿರಿ. ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ) ಅಂತರದಲ್ಲಿ ಒಂದೇ ನೋಟದ ಮೂರು ಎಕ್ಸ್‌ಪೋಷರ್‌ಗಳನ್ನು ರಾ ಕಡತವಾಗಿ (ಕ್ಯಾಮೆರಾ ಸಂಸ್ಕರಿಸದ ಮೂಲ ರೂಪದಲ್ಲಿ) ತೆಗೆದುಕೊಂಡರೆ ನೆರಳೂ ಕಿಟಕಿಯೂ ಉಳಿಯುತ್ತವೆ. ಆದರೆ ಅವನ್ನು ಬೆರೆಸುವಾಗ ಬಣ್ಣ ಉಕ್ಕಿಸಬೇಡಿ, ಕತ್ತಲೆಯಿದ್ದ ಮೂಲೆ ಕತ್ತಲೆಯಾಗಿಯೇ ಇರಲಿ. ಕ್ಯಾಮೆರಾ ಮೇಲಕ್ಕೆ ವಾಲಿದರೆ ಕಂಬಗಳು ಒಳಕ್ಕೆ ಬಾಗಿದಂತೆ ಕಾಣುವುದರಿಂದ ಮಟ್ಟ ನೋಡಿ ನಿಲ್ಲಿಸಿರಿ. ಹೊರಗಿನ ನೋಟಕ್ಕೆ ಮೋಡ ಕವಿದ ದಿನವೇ ವಾಸಿ. ಜರ್ಮನಿಯ ಬೆರ್ನ್ಡ್ ಮತ್ತು ಹಿಲ್ಲಾ ಬೆಖರ್ ಎಂಬ ಛಾಯಾಗ್ರಾಹಕ ದಂಪತಿ 1959ರಿಂದ ದಶಕಗಳ ಕಾಲ ನೀರಿನ ಗೋಪುರಗಳನ್ನೂ ಕಬ್ಬಿಣದ ಅದಿರು ಕರಗಿಸುವ ಊದುಕುಲುಮೆಗಳನ್ನೂ ಹೀಗೆಯೇ, ನೆರಳಿಲ್ಲದ ಸಮಬೆಳಕಿನಲ್ಲಿ, ಎದುರಿನಿಂದ ನೇರವಾಗಿ ಚಿತ್ರಿಸಿದರು.

ಇನ್ನು ನೆಲವನ್ನು ಓದಿರಿ. ಕಾಂಕ್ರೀಟಿನಿಂದ ಮೇಲೆದ್ದ ನಾಲ್ಕು ಬೋಲ್ಟುಗಳು, ಅವುಗಳ ನಡುವೆ ಎಣ್ಣೆ ಕುಡಿದು ಕಪ್ಪಾದ ಆಯತ, ಅದರ ಒಂದೇ ಬದಿಯಲ್ಲಿ ಕಾಲ್ತುಳಿತಕ್ಕೆ ಸವೆದು ನುಣುಪಾದ ತಗ್ಗು: ಯಂತ್ರ ಗುಜರಿಗೆ ಹೋಗಿದ್ದರೂ ಅದನ್ನು ನಡೆಸಿದವರ ಜಾಗ ಅಲ್ಲೇ ಇದೆ. ಇದನ್ನು ಹತ್ತಿರದಿಂದಲೂ, ಇಡೀ ಅಂಕಣದೊಂದಿಗೆ ದೂರದಿಂದಲೂ ತೆಗೆಯಿರಿ. ಚೆಂದಕ್ಕಾಗಿ ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದಿಡುವುದು ಸುಳ್ಳು ಸಾಕ್ಷ್ಯ. ಏನನ್ನೂ ಸರಿಸಬೇಡಿ, ಒಯ್ಯಬೇಡಿ. ಕಡತ, ಹಾಜರಿ ಪುಸ್ತಕಗಳಲ್ಲಿನ ಹೆಸರುಗಳು ಚಿತ್ರದಲ್ಲಿ ಓದಲು ಸಿಗದಂತೆ ನೋಡಿಕೊಳ್ಳಿರಿ.

ಸುತ್ತಲಿನ ಬೀದಿಯನ್ನೂ ಬಿಡಬೇಡಿ. ಅಲ್ಲಿ ಈಗಲೂ ಜನ ಬಾಳುತ್ತಿದ್ದಾರೆ. ಅವರನ್ನು ಚೌಕಟ್ಟಿನಿಂದ ಹೊರಗಿಟ್ಟು ಊರೇ ಸತ್ತಿದೆಯೆಂದು ತೋರಿಸುವುದು ಅನ್ಯಾಯ. ಡೆಟ್ರಾಯಿಟ್‌ನಲ್ಲಿ 1988ರಲ್ಲಿ ಮುಚ್ಚಿದ ಮಿಷಿಗನ್ ಸೆಂಟ್ರಲ್ ನಿಲ್ದಾಣ ದುರಸ್ತಿಗೊಂಡು 2024ರಲ್ಲಿ ಮತ್ತೆ ತೆರೆಯಿತು. ಹೀಗೆ ಕಟ್ಟಡಗಳ ಸ್ಥಿತಿ ಬದಲಾಗುವುದರಿಂದ ಪ್ರತಿ ಚಿತ್ರಕ್ಕೂ ಕಟ್ಟಡದ ಹೆಸರು, ತೆಗೆದ ದಿನಾಂಕ, ಕ್ಯಾಮೆರಾ ಮುಖಮಾಡಿದ್ದ ದಿಕ್ಕು ಇಷ್ಟನ್ನು ಅಂದೇ ಬರೆದಿಡಿ. ಆದರೆ ಕಾವಲಿಲ್ಲದ ಕಟ್ಟಡಕ್ಕೆ ಒಳಹೋಗುವ ದಾರಿಯನ್ನು ಮಾತ್ರ ಬಹಿರಂಗಪಡಿಸಬೇಡಿ, ಏಕೆಂದರೆ ತಾಮ್ರದ ತಂತಿ ಕೀಳುವವರೂ ಅದನ್ನೇ ಹುಡುಕುತ್ತಿರುತ್ತಾರೆ.