ಗೇಟಿನ ಪಕ್ಕ ನೇರಳೆ ಹುಲ್ಲು ಹಾಕಬೇಕಾ, ಸೀಬೆ ಗಿಡ ಹಾಕಬೇಕಾ?

ನನ್ನ ತಂಗಿ ಮಗಳು ತುಮಕೂರಿನಲ್ಲಿ ಮನೆ ಕಟ್ಟಿಸಿದ್ದಾಳೆ. ಗೃಹಪ್ರವೇಶ ಆದ ವಾರಕ್ಕೇ ಫೋನು. "ದೊಡ್ಡಮ್ಮ, ಗೇಟಿನ ಪಕ್ಕ ಒಂದಿಷ್ಟು ಮಣ್ಣು ಬಿಟ್ಟಿದ್ದೀವಿ. ನಿಮ್ಮನೇಲಿದೆಯಲ್ಲ ಆ ನೇರಳೆ ಬಣ್ಣದ ಹುಲ್ಲು, ಅದನ್ನ ಹಾಕ್ಲಾ? ಇವರು ಮಾತ್ರ ಸೀಬೆ ಗಿಡಾನೇ ಬೇಕು ಅಂತಾರೆ."

ಮೈಸೂರಿನ ನಮ್ಮ ಮನೆಯಲ್ಲಿ ಎರಡೂ ಇವೆ. ಎರಡರಲ್ಲೂ ತಪ್ಪು ಮಾಡಿ ಕಲಿತಿದ್ದೇನೆ. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಟೇಪು ಹಿಡಿದು ಅಳೆಯಿರಿ. ಗೋಡೆ, ಕಾಂಪೌಂಡು, ಸಂಪು ಎಲ್ಲೆಲ್ಲಿವೆ ನೋಡಿಕೊಳ್ಳಿ. ನಾನು ಇಟ್ಟುಕೊಂಡಿರುವ ಲೆಕ್ಕ ಇಷ್ಟೇ: ಸೀಬೆ ಗಿಡದ ಬುಡಕ್ಕೂ ಸಂಪಿಗೂ 7 ಅಡಿಯಾದರೂ ದೂರ ಬೇಕು. ಕೊಂಬೆ ಹರಡಿಕೊಳ್ಳಲು ಸುತ್ತ 4 ಅಡಿ ಬೇಕು. ಅಷ್ಟಿಲ್ಲದಿದ್ದರೆ ಸುಮ್ನೆ ಹಠ ಮಾಡಬೇಡಿ, ಹುಲ್ಲು ಹಾಕಿ. ಹುಲ್ಲಿಗೆ ಎರಡೂವರೆ ಅಡಿ ಅಗಲದ ಪಟ್ಟಿ ಸಾಕು. ಆಮೇಲೆ ಬಿಸಿಲು. ಎರಡಕ್ಕೂ ದಿನಕ್ಕೆ 6 ಗಂಟೆ ನೇರ ಬಿಸಿಲು ಬೀಳಬೇಕು. ನಾನು ಮೊದಲ ಸಲ ಹುಲ್ಲನ್ನು ಪಕ್ಕದ ಮನೆಯ ಹೊಂಗೆ ಮರದ ನೆರಳಲ್ಲಿ ನೆಟ್ಟಿದ್ದೆ. ಮೂರು ತಿಂಗಳಲ್ಲಿ ನೇರಳೆ ಬಣ್ಣ ಹೋಗಿ ಹಸಿರಾಯಿತು, ಕೊನೆಗೆ ಕುಡಿದವನ ಹಾಗೆ ನೆಲಕ್ಕೆ ಒರಗಿಕೊಂಡಿತು.

ಈ ಹುಲ್ಲನ್ನು ನರ್ಸರಿಯವರು ಪೆನಿಸೆಟಂ ಅಂತಲೋ ಫೌಂಟನ್ ಗ್ರಾಸ್ ಅಂತಲೋ ಕರೆಯುತ್ತಾರೆ. 3-4 ಅಡಿ ಎತ್ತರ, ಮೇಲೆ ನರಿಯ ಬಾಲದಂಥ ತೆನೆ. ಕೊಳ್ಳುವಾಗ ಕೆಂಪು-ನೇರಳೆ ಎಲೆಯದ್ದನ್ನೇ ಕೇಳಿ. ಇದರಲ್ಲಿ ಮೊಳೆಯುವ ಬೀಜ ಇಲ್ಲವೆನ್ನುವಷ್ಟು ಕಡಿಮೆ. ಹಸಿರು ಎಲೆಯ ಜಾತಿ ಹಾಗಲ್ಲ, ಬೀಜ ಗಾಳಿಯಲ್ಲಿ ಹಾರಿ ಎಲ್ಲೆಂದರಲ್ಲಿ ಹುಟ್ಟುತ್ತದೆ. ಹವಾಯಿ ದ್ವೀಪಗಳಲ್ಲಿ ಅದು ಬಯಲೆಲ್ಲ ಹಬ್ಬಿ, ಒಣಗಿದಾಗ ಕಾಡ್ಗಿಚ್ಚಿಗೆ ದಾರಿ ಮಾಡಿಕೊಡುತ್ತಿದೆ. ನಿಮ್ಮ ಅಂದಕ್ಕೆ ಪಕ್ಕದ ಹೊಲದವರು ಕಳೆ ಕೀಳಬೇಕಾಗುವುದು ಬೇಡ, ಅಲ್ವಾ?

ನೆಡುವುದು ಸುಲಭ. ಎರಡೆರಡು ಅಡಿಗೆ ಒಂದರಂತೆ, ಕವರಿನ ಮಣ್ಣು ಹಿಡಿಯುವಷ್ಟು ಗುಂಡಿ ಸಾಕು. ನೀರು ನಿಲ್ಲದ ಜಾಗ ಆಗಿರಲಿ. ಗೋಡೆಗೆ ತಾಗಿಸಬೇಡಿ, ಒಂದಡಿ ಬಿಡಿ. ಪೊದೆ ಗೋಡೆಗೆ ಅಂಟಿಕೊಂಡರೆ ಹಿಂದೆ ಇಲಿ ಸೇರಿಕೊಳ್ಳುತ್ತದೆ, ಪೊರಕೆಯೂ ಹೋಗುವುದಿಲ್ಲ. ಮೊದಲ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ನೀರು ಕೊಡಿ. ಬೇರೂರಿದ ಮೇಲೆ ಒಂದು ವಾರ ಮರೆತರೂ ಅದೇನೂ ಮುನಿಸಿಕೊಳ್ಳುವುದಿಲ್ಲ.

ವರ್ಷಕ್ಕೆ ಒಂದೇ ಕೆಲಸ, ಕೊಯ್ಯುವುದು. ಶಿವರಾತ್ರಿ ಕಳೆದ ಮೇಲೆ ಕೊಯ್ಯುತ್ತೇನೆ. ಮೊದಲು ಪೊದೆಯನ್ನು ಹಗ್ಗದಿಂದ ಪೊರಕೆ ಕಟ್ಟಿದ ಹಾಗೆ ಬಿಗಿಯಾಗಿ ಕಟ್ಟಿ, ಆಮೇಲೆ ನೆಲದಿಂದ ಗೇಣುದ್ದ ಬಿಟ್ಟು ಕುಡುಗೋಲು ಹಾಕಿ. ಕಟ್ಟದೆ ಕೊಯ್ದರೆ ಅಂಗಳದ ತುಂಬಾ ಹುಲ್ಲು, ಗುಡಿಸಿ ಗುಡಿಸಿ ಸೊಂಟ ಬೀಳುತ್ತದೆ. ಮೂರು ವರ್ಷಕ್ಕೊಮ್ಮೆ ಪೊದೆಯ ನಡುಭಾಗ ಬೋಳಾಗುತ್ತದೆ. ಆಗ ಹಾರೆ ಹಾಕಿ ಎಬ್ಬಿಸಿ, ಬುಡವನ್ನು ನಾಲ್ಕು ಭಾಗ ಮಾಡಿ, ಅಂಚಿನ ಹೊಸ ಬುಡಗಳನ್ನು ಮತ್ತೆ ನೆಡಿ. ಹುಲ್ಲಿನ ವಿಷಯ ಮುಗಿಯಿತು.

ಸೀಬೆಯ ವಿಷಯ ಇಷ್ಟು ಬೇಗ ಮುಗಿಯುವುದಿಲ್ಲ.

ನನ್ನ ಮೊದಲ ಗಿಡವನ್ನು ಕಸಿ ಗಿಡ ಅಂತ ಹೇಳಿ ಮಾರಿದರು. ನಾಲ್ಕು ವರ್ಷ ಕಾದರೂ ಒಂದು ಹೂವಿಲ್ಲ. ಅದು ಬೀಜದ ಸಸಿ. ಕಸಿ ಗಿಡವಾದರೆ ಬುಡದಿಂದ ಸ್ವಲ್ಪ ಮೇಲೆ ಗಂಟು ಕಾಣುತ್ತದೆ, ಬೆರಳಿಟ್ಟು ನೋಡಿದರೂ ಗೊತ್ತಾಗುತ್ತದೆ. ಗೂಟಿ ಕಟ್ಟಿದ, ಅಂದರೆ ಕೊಂಬೆಗೆ ಮರದ ಮೇಲೇ ಬೇರು ಬರಿಸಿ ಬೇರ್ಪಡಿಸಿದ ಗಿಡದಲ್ಲಿ ಗಂಟು ಇರುವುದಿಲ್ಲ, ಆದ್ದರಿಂದ ಅದನ್ನು ನಂಬಿಕೆಯ ಕಡೆಯಿಂದಲೇ ತನ್ನಿ. ಇಂಥ ಗಿಡ ಎರಡು-ಮೂರು ವರ್ಷಕ್ಕೆ ಫಲ ಕೊಡುತ್ತದೆ. ಈಗ ನಮ್ಮಲ್ಲಿರುವುದು ಅರ್ಕಾ ಮೃದುಲಾ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ, ಅಲಹಾಬಾದ್ ಸಫೇದಾದ ಸಸಿಗಳಿಂದ ಆರಿಸಿದ್ದು. ಬೀಜ ಮೆತ್ತಗೆ, ನಮ್ಮ ಯಜಮಾನರ ಹಲ್ಲಿಗೆ ಹೇಳಿ ಮಾಡಿಸಿದ ಹಣ್ಣು. ಒಳಗೆ ಕೆಂಪಗಿರಬೇಕು ಅನ್ನುವವರಿಗೆ ಅಲ್ಲಿಯದೇ ಅರ್ಕಾ ಕಿರಣ್ ಇದೆ.

ಗುಂಡಿಯನ್ನು ಬೇಸಿಗೆಯಲ್ಲೇ ತೋಡಿಸಿ, 2 ಅಡಿ ಉದ್ದ, ಅಗಲ, ಆಳ. ಕೆಲವು ವಾರ ಬಿಸಿಲು ತಿನ್ನಲಿ. ಮೇಲ್ಮಣ್ಣಿಗೆ ಎರಡು ಬಾಂಡ್ಲಿ ಕೊಳೆತ ಸಗಣಿ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೆಡಿ. ಕಸಿ ಗಂಟು ಮಣ್ಣಿನ ಮೇಲೇ ಇರಬೇಕು. ಒಂದು ಕೋಲು ಊರಿ ಕಟ್ಟಿ.

ಇನ್ನು ಎಲ್ಲರೂ ಹೆದರುವ ಕೆಲಸ, ಕತ್ತರಿಸುವುದು. ಗಿಡ ಚೆನ್ನಾಗಿ ಬೇರು ಹಿಡಿದು ಮೇಲೆದ್ದ ಮೇಲೆ, 2 ಅಡಿ ಎತ್ತರಕ್ಕೆ ತುದಿ ಕತ್ತರಿಸಿ. ಪಕ್ಕದಿಂದ ಚಿಗುರುವ ಕೊಂಬೆಗಳಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಇಟ್ಟುಕೊಂಡು ಉಳಿದವನ್ನು ತೆಗೆಯಿರಿ. ಅವು ಒಂದೂವರೆ ಅಡಿ ಬೆಳೆದಾಗ ಅರ್ಧಕ್ಕೆ ಕತ್ತರಿಸಿ. ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ಸೀಬೆಯಲ್ಲಿ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಕತ್ತರಿಸಿದಷ್ಟೂ ಚಿಗುರು, ಚಿಗುರಿದಷ್ಟೂ ಹಣ್ಣು. ಹಾಗೇ ಬಿಟ್ಟರೆ 20 ಅಡಿ ಏರಿ, ಹಣ್ಣೆಲ್ಲ ಬಾವಲಿಗೂ ಅಳಿಲಿಗೂ ಸೇರುತ್ತದೆ. ನಮ್ಮ ಗಿಡ 7 ಅಡಿ ದಾಟಿಲ್ಲ, ಸ್ಟೂಲು ಹಾಕದೆ ಕೀಳುತ್ತೇನೆ.

ಮಳೆಗಾಲದ ಹಣ್ಣಿನ ಆಸೆ ಬಿಡಿ. ಸಪ್ಪೆ ಇರುತ್ತದೆ, ಕೊಯ್ದರೆ ಒಳಗೆ ಬಿಳಿ ಹುಳು. ಹಣ್ಣಿನ ನೊಣ ಕಾಯಿಯ ಸಿಪ್ಪೆಗೆ ಚುಚ್ಚಿ ಮೊಟ್ಟೆ ಇಡುತ್ತದೆ, ಮಳೆಗಾಲ ಅದರ ಹಬ್ಬ. ನಾನು ಮೇ ತಿಂಗಳಲ್ಲಿ ಕೊಂಬೆಗಳ ತುದಿಯನ್ನು ಅರ್ಧದಷ್ಟು ಸವರಿಬಿಡುತ್ತೇನೆ. ಆಗಿನ ಹೂ, ಪಿಂದೆ ಹೋಗುತ್ತವೆ. ಹೊಸ ಚಿಗುರಿನಲ್ಲಿ ಜುಲೈ-ಆಗಸ್ಟ್‌ಗೆ ಹೂ, ನವೆಂಬರಿನಿಂದ ಜನವರಿಯವರೆಗೆ ಹಣ್ಣು. ಚಳಿಗಾಲದ ಸೀಬೆಯ ರುಚಿಯೇ ಬೇರೆ, ಉಪ್ಪು-ಖಾರದ ಪುಡಿ ಕೂಡ ಬೇಡ.

ಆದರೂ ನೊಣ ಪೂರ್ತಿ ಬಿಡುವುದಿಲ್ಲ. ಕಾಯಿ ನಿಂಬೆಹಣ್ಣಿನ ಗಾತ್ರಕ್ಕೆ ಬಂದಾಗ ಒಂದೊಂದಕ್ಕೂ ಚೀಲ ಕಟ್ಟುತ್ತೇನೆ. ಯಾವ ಚೀಲ ಅಂತೀರಾ? ಮದುವೆಗಳಲ್ಲಿ ತೆಂಗಿನಕಾಯಿ ಹಾಕಿ ಕೊಡುವ ತಾಂಬೂಲದ ಚೀಲ. ದಾರ ಎಳೆದರೆ ಬಾಯಿ ಮುಚ್ಚುತ್ತದೆ. ಅಡುಗೆ ಮನೆಯಲ್ಲಿ ಒಂದು ಡಬ್ಬಿ ತುಂಬಾ ಕೂಡಿಟ್ಟಿದ್ದೆ, ಕೊನೆಗೂ ಉಪಯೋಗಕ್ಕೆ ಬಂತು. ಗಿಡ ನೋಡಿದವರು ಮಾತ್ರ ಏನೋ ಹರಕೆ ಕಟ್ಟಿದ್ದಾರೆ ಅಂದುಕೊಳ್ಳುತ್ತಾರೆ. ಉದುರಿದ ಹುಳುಕು ಹಣ್ಣನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಹುಳು ಮಣ್ಣಿಗಿಳಿದು ನೊಣವಾಗಿ ಎದ್ದು ಬರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಹತ್ತು ದಿನ ಬಿಸಿಲಿನಲ್ಲಿ ಇಟ್ಟು ಎಸೆಯಿರಿ.

ಇನ್ನೊಂದು ಮಾತು. ಸೀಬೆಯ ಕೆಳಗೆ ಗಾಡಿ ನಿಲ್ಲಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಬಿಳಿ ನೊಣ, ಹಿಟ್ಟು ತಿಗಣೆ ಬಂದರೆ ಎಲೆಯಿಂದ ಅಂಟು ಸುರಿಯುತ್ತದೆ, ಅದರ ಮೇಲೆ ಕಪ್ಪು ಬೂಷ್ಟು ಹಿಡಿಯುತ್ತದೆ. ನಮ್ಮ ಸ್ಕೂಟರಿನ ಸೀಟು ಹಾಗೇ ಹಾಳಾಯಿತು. ಪೈಪಿನಲ್ಲಿ ಎಲೆಯ ಅಡಿಗೆ ಜೋರಾಗಿ ನೀರು ಹೊಡೆದು, ಆಮೇಲೆ ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನ ನೀರಿನಲ್ಲಿ ಕಲಸಿ ಸಂಜೆ ಹೊತ್ತು ಸಿಂಪಡಿಸಿ.

ಹಾಗಾಗಿ ಮಗಳಿಗೆ ನಾನು ಕೇಳಿದ ಮೊದಲ ಪ್ರಶ್ನೆ, ಆಗಸ್ಟಿನಿಂದ ಜನವರಿವರೆಗೆ ವಾರಕ್ಕೆ ಎರಡು ಗಂಟೆ ಗಿಡದ ಹತ್ತಿರ ನಿಲ್ಲುವವರು ಯಾರು? ಹಣ್ಣು ಬೇಕು ಅಂದವರೇ ನಿಲ್ಲುವುದಾದರೆ ಸೀಬೆ. ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಬರುವವರಾದರೆ ಹುಲ್ಲು.

ಎರಡೂ ಹಾಕಬಹುದಾ ಅಂದರೆ ಹಾಕಬಹುದು, ಆದರೆ ಹುಲ್ಲನ್ನು ಸೀಬೆಯ ಬುಡಕ್ಕೆ ತರಬೇಡಿ. ಎಳೇ ಗಿಡದ ನೀರು, ಗೊಬ್ಬರ ಎರಡನ್ನೂ ಹುಲ್ಲು ಕುಡಿದುಬಿಡುತ್ತದೆ. ಬುಡದ ಸುತ್ತ 3 ಅಡಿ ಬರೀ ಮಣ್ಣಿರಲಿ. ಶಿವರಾತ್ರಿಗೆ ಕೊಯ್ದ ಹುಲ್ಲನ್ನು ತುಂಡು ಮಾಡಿ ಅಲ್ಲಿ ಹಾಸಿ, ಕಾಂಡಕ್ಕೆ ತಾಗದ ಹಾಗೆ. ಬೇಸಿಗೆಯಲ್ಲಿ ತೇವ ಆರುವುದಿಲ್ಲ.

ಮೊನ್ನೆ ಮತ್ತೆ ಫೋನ್ ಮಾಡಿದಳು. ಸಂಪಿನಿಂದ ಒಂಬತ್ತು ಅಡಿ ಇದೆಯಂತೆ, ಚೀಲ ಕಟ್ಟುವ ಕೆಲಸ ಗಂಡ ಒಪ್ಪಿಕೊಂಡಿದ್ದಾನಂತೆ. "ಸರಿ, ಗುಂಡಿ ತೋಡಿಸು. ಹುಲ್ಲಿಗೆ ದುಡ್ಡು ಕೊಡಬೇಡ, ನಮ್ಮದರ ಬುಡ ಒಡೆದು ತರ್ತೀನಿ. ತಾಂಬೂಲದ ಚೀಲ ಮಾತ್ರ ನೀನೇ ಕೂಡಿಸ್ಕೋ" ಅಂದೆ.